ಮೈಕಟ್ಟಿನ ಮಾತು: ಕನ್ನಡ ಆಡುನುಡಿಯಲ್ಲಿ ದೇಹವಾಚಕ ಪದಗಳ ಹೊಗಳಿಕೆ ಮತ್ತು ಹೀಯಾಳಿಕೆ

ಜನಪದರ ಶಬ್ದಭಂಡಾರದಲ್ಲಿ ಮನುಷ್ಯನ ಮೈಕಟ್ಟನ್ನು ಕುರಿತ ಪದಗಳು ವಿಪುಲವಾಗಿವೆ. ಕುಳ್ಳ, ಗಿಡ್ಡ, ಮೋಟ, ಚೋಟುದ್ದದವನು, ಡುಮ್ಮ, ದಡಿಯ, ಡೊಳ್ಳುಹೊಟ್ಟೆಯವನು, ಬಡಕಲು, ಸಣಕಲು, ನರಪೇತಲ, ಲಂಬು ಮೊದಲಾದ ಪದಗಳು ನಿತ್ಯದ ಮಾತಿನಲ್ಲಿ ಎಡೆಬಿಡದೆ ಓಡಾಡುತ್ತವೆ. ಇವುಗಳನ್ನು ಬೈಗುಳದ ಸಾಲಿಗೆ ಸೇರಿಸಿ ಬದಿಗಿರಿಸುವುದು ಸುಲಭ. ಆದರೆ ಅದೇ ‘ಡುಮ್ಮ’ ಅಜ್ಜಿಯ ಬಾಯಲ್ಲಿ ಮುದ್ದಾಗುತ್ತದೆ, ಗೆಳೆಯರ ನಡುವೆ ಸಲಿಗೆಯಾಗುತ್ತದೆ, ತುಂಬಿದ ಸಭೆಯಲ್ಲಿ ಅವಮಾನವಾಗುತ್ತದೆ. ಪದ ಒಂದೇ, ಮೈಯೂ ಒಂದೇ. ಬದಲಾಗುವುದು ಆಡುವವನಿಗೂ ಆಡಿಸಿಕೊಳ್ಳುವವನಿಗೂ ಇರುವ ಸಂಬಂಧ. ದೇಹವಾಚಕ ಪದಗಳ ಚರಿತ್ರೆಯೆಂದರೆ ಇನ್ನೊಬ್ಬರ ಮೈಗೆ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದರ ಚರಿತ್ರೆಯೂ ಹೌದು. ಈ ನೆಲೆಯಲ್ಲಿ ಶಾಸನ, ಕಾವ್ಯ, ಜನಪದ ನಂಬಿಕೆ ಹಾಗೂ ಆಧುನಿಕ ಮಾಧ್ಯಮಗಳ ಕೆಲವು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಶಾಸನ ಮತ್ತು ಕಾವ್ಯ

ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ತಮ್ಮನಾದ ವಿಷ್ಣುವರ್ಧನನು 7ನೆಯ ಶತಮಾನದಲ್ಲಿ ವೆಂಗಿಯ ಪೂರ್ವ ಚಾಲುಕ್ಯ ವಂಶವನ್ನು ಸ್ಥಾಪಿಸಿದನು. ಚರಿತ್ರೆಯಲ್ಲಿ ಅವನು ‘ಕುಬ್ಜ ವಿಷ್ಣುವರ್ಧನ’ನೆಂದೇ ಪ್ರಸಿದ್ಧ. ಅವನ ವಂಶಜರು ಹೊರಡಿಸಿದ ತಾಮ್ರಶಾಸನಗಳ ವಂಶಾವಳಿಯಲ್ಲಿ ಅವನು 18 ವರ್ಷ ಆಳಿದನೆಂದು ಹೇಳುವಾಗಲೂ ಕುಬ್ಜ ಎಂಬ ವಿಶೇಷಣವನ್ನು ಕೈಬಿಟ್ಟಿಲ್ಲ. ಸಂಸ್ಕೃತದಲ್ಲಿ ಈ ಪದಕ್ಕೆ ಗೂನುಬೆನ್ನಿನವನು ಎಂಬುದು ಮುಖ್ಯಾರ್ಥ. ಕನ್ನಡ ಬಳಕೆಯಲ್ಲಿ ಅದು ಗಿಡ್ಡದೇಹದವನು ಎಂಬರ್ಥಕ್ಕೆ ಸರಿದಿದೆ. ಯಾವ ಅರ್ಥವನ್ನು ಹಿಡಿದರೂ ಅದು ಮೈಯ ಲಕ್ಷಣವನ್ನೇ ಎತ್ತಿ ಹೇಳುವ ಪದ. ವಂಶದ ಮೂಲಪುರುಷನನ್ನು ಅವನ ಮಕ್ಕಳು ಮೊಮ್ಮಕ್ಕಳೇ ಸಂಕೋಚವಿಲ್ಲದೆ ಹೀಗೆ ಹೆಸರಿಸಿದ್ದಾರೆ. ಸಿಂಹಾಸನವೇರಿದ ಮೈಗೆ ಅಂಟಿದಾಗ ಈ ಪದ ಗುರುತಾಗಿ, ಗೌರವವಾಗಿ ನಿಂತಿತು. ಊರಿನ ಗೂನುಬೆನ್ನಿನ ಆಳಿಗೆ ಅದೇ ಪದದಿಂದ ಅಂತಹ ಭಾಗ್ಯ ಒದಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಸರಿನಲ್ಲಿ ಗಾತ್ರಸೂಚಕ ಪದವಿದ್ದ ಮಾತ್ರಕ್ಕೆ ಅದು ಮೈಕಟ್ಟನ್ನೇ ಹೇಳುತ್ತದೆಂದು ಭಾವಿಸಬಾರದು. ಮೈಸೂರಿನ ದೊಡ್ಡ ದೇವರಾಜ ಒಡೆಯ (1659–1673) ಮತ್ತು ಚಿಕ್ಕ ದೇವರಾಜ ಒಡೆಯ (1673–1704) ಎಂಬಲ್ಲಿ ದೊಡ್ಡ, ಚಿಕ್ಕ ಎಂಬವು ಹಿರಿಯ, ಕಿರಿಯ ಎಂಬುದನ್ನಷ್ಟೇ ಸೂಚಿಸುತ್ತವೆ. ದೊಡ್ಡಯ್ಯ, ಚಿಕ್ಕಮ್ಮ, ಸಣ್ಣಪ್ಪ ಎಂಬ ಹೆಸರುಗಳ ಬಗೆಯೂ ಇದೇ.

ಕಾವ್ಯಪರಂಪರೆಯಲ್ಲಿ ಮೈಯ ವರ್ಣನೆ ಹೊಗಳಿಕೆಯ ಕಡೆಗೇ ವಾಲಿದೆ. ನಾಯಿಕೆಯು ಗಜಗಮನೆ, ಆನೆಯ ನಿಧಾನ ಗಂಭೀರ ನಡಿಗೆ ಅವಳ ಚೆಲುವಿಗೆ ಅಳತೆ. ಆದರೆ ಬೀದಿಯಲ್ಲಿ ಹೆಣ್ಣನ್ನು ಆನೆ ಎಂದರೆ ಅದು ನೇರವಾದ ನಿಂದೆ. ಎಳೆಗೂಸನ್ನು ‘ಆನೆಮರಿ’ ಎಂದರೆ ಮತ್ತೆ ಮುದ್ದು. ಒಂದೇ ಪ್ರಾಣಿ ಕಾವ್ಯದಲ್ಲಿ ನಡಿಗೆಯ ಉಪಮಾನ, ತೊಟ್ಟಿಲಲ್ಲಿ ಅಕ್ಕರೆ, ಬೀದಿಯಲ್ಲಿ ಗೇಲಿ.

ಜನ್ನನ ‘ಯಶೋಧರ ಚರಿತೆ’ (1209) ಈ ದೃಷ್ಟಿಯಿಂದ ಗಮನಾರ್ಹ. ರಾಣಿ ಅಮೃತಮತಿ ಮಾವುತ ಅಷ್ಟಾವಂಕನ ಹಾಡಿಗೆ ಮನಸೋಲುತ್ತಾಳೆ. ಅವನನ್ನು ಕಂಡುಬಂದ ದೂತಿ ಅವನ ಅಂಗಾಂಗಗಳ ವಿಕಾರವನ್ನು ಬಣ್ಣಿಸಿ ಹೀಯಾಳಿಸುತ್ತಾಳೆ. ರಾಣಿಯು ಆ ಮಾತಿಗೆ ಮಣಿಯುವುದಿಲ್ಲ. ಕೃತಿಯ ನೈತಿಕ ಆಶಯ ಏನೇ ಇರಲಿ, ಮೈಯನ್ನು ಕುರಿತ ತೆಗಳಿಕೆಯು ಕೇಳುವವರು ಒಪ್ಪಿದಾಗಲೇ ತೆಗಳಿಕೆಯಾಗುತ್ತದೆ ಎಂಬ ತಿಳಿವು ಆ ಪ್ರಸಂಗದಲ್ಲಿದೆ.

ಬಡತನ ಮತ್ತು ಕೊಬ್ಬು

ಕನ್ನಡದ ದೇಹವಾಚಕಗಳ ಒಳಗುಟ್ಟು ‘ಬಡ’ ಎಂಬ ಪದದಲ್ಲಿ ಅಡಗಿದೆ. ಈ ಪದಕ್ಕೆ ತೆಳುವಾದ, ಶಕ್ತಿಗುಂದಿದ, ಸಿರಿಯಿಲ್ಲದ ಎಂಬ ಅರ್ಥಗಳು ಒಟ್ಟಿಗೇ ಇವೆ. ‘ಬಡವ’ ಹಾಗೂ ‘ಬಡಕಲು’ ಒಂದೇ ಬೇರಿನ ಪದಗಳು. ಹಳಗನ್ನಡ ಕಾವ್ಯಗಳ ನಾಯಿಕೆಯ ‘ಬಡನಡು’ವೂ ಅದೇ ಬೇರಿನದು. ಅರಮನೆಯ ಹೆಣ್ಣಿನ ಸೊಂಟ ತೆಳುವಾಗಿದ್ದರೆ ಅದು ಚೆಲುವು. ಗದ್ದೆಯಲ್ಲಿ ದುಡಿಯುವವಳ ಮೈಯೇ ತೆಳುವಾಗಿದ್ದರೆ ಅದು ಬಡಕಲು. ಉಣ್ಣಲಿದ್ದೂ ತೆಳ್ಳಗಿರುವುದು ಬೇರೆ, ಉಣ್ಣಲಿಲ್ಲದೆ ತೆಳ್ಳಗಾಗುವುದು ಬೇರೆ ಎಂಬುದನ್ನು ನುಡಿಯು ತನ್ನ ಒಡಲಲ್ಲೇ ಕಾಪಿಟ್ಟುಕೊಂಡಿದೆ.

ಇದರ ಎದುರು ತುದಿಯಲ್ಲಿ ‘ಕೊಬ್ಬು’ ಇದೆ. ಮೈಯಲ್ಲಿ ಶೇಖರವಾದ ಮೇದಸ್ಸಿಗೂ ಮನಸ್ಸಿನ ಸೊಕ್ಕಿಗೂ ಕನ್ನಡದಲ್ಲಿ ಇದೊಂದೇ ಪದ. ಆದರೆ ಇದನ್ನು ಎಲ್ಲರ ಮೇಲೂ ಸಮನಾಗಿ ಬಳಸುವುದಿಲ್ಲ. ಉಳ್ಳವನ ಮೈ ತುಂಬಿಕೊಂಡರೆ ಅದು ಕಳೆ, ಪುಷ್ಟಿ, ಲಕ್ಷಣ. ಕೂಲಿಯವನು ಮೈ ತುಂಬಿಕೊಂಡು ತಲೆಯೆತ್ತಿ ನಿಂತರೆ ಅವನಿಗೆ ಕೊಬ್ಬು ಹೆಚ್ಚಿದೆ ಎಂಬ ಮಾತು ಹುಟ್ಟುತ್ತದೆ. ಮೈಯ ಬಣ್ಣನೆಯಾಗಿ ಹೊರಟ ಪದ ಹೀಗೆ ಅಂತಸ್ತಿನ ಕಾವಲುಗಾರನಾಗುತ್ತದೆ.

ಈ ಅರ್ಥವ್ಯತ್ಯಾಸದ ಹಿಂದೆ ಹಸಿವಿನ ದೀರ್ಘ ಅನುಭವವಿದೆ. 1791–92ರ ಸುಮಾರಿನಲ್ಲಿ ಧಾರವಾಡ ಸೀಮೆಯನ್ನು ಕಾಡಿದ ಕ್ಷಾಮವು ‘ಡೋಗಿ ಬರ’ವೆಂಬ ಹೆಸರಿನಿಂದ ಜನರ ನೆನಪಿನಲ್ಲಿ ಉಳಿಯಿತು; ಹೂಳುವವರಿಲ್ಲದೆ ನೆಲದ ತುಂಬ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರು ಅದು. ಧಾತು ಸಂವತ್ಸರದಲ್ಲಿ ಮೊದಲಾದ 1876–78ರ ಮಹಾಕ್ಷಾಮದ ಪರಿಣಾಮವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂತಹ ಬರಗಳನ್ನು ಕಂಡ ಸಮಾಜದಲ್ಲಿ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಹಾರೈಕೆಯಾದದ್ದೂ ‘ಸೊರಗಿದ್ದೀಯಲ್ಲ’ ಎಂಬುದು ಮರುಕವಾದದ್ದೂ ಸಹಜ. ತವರಿಗೆ ಬಂದ ಮಗಳ ತೋಳು ಮುಟ್ಟಿ ತಾಯಿ ಕೇಳುವ ಮಾತು ಅವಳ ರೂಪವನ್ನು ಕುರಿತದ್ದಲ್ಲ; ಅತ್ತೆಮನೆಯ ಅನ್ನವನ್ನು ಕುರಿತದ್ದು.

ದೃಷ್ಟಿ ಮತ್ತು ನಾಮಕರಣ

ಹೊಗಳಿಕೆಯೇ ಅಪಾಯಕಾರಿಯಾಗಬಲ್ಲದು ಎಂಬ ನಂಬಿಕೆ ಜನಪದರಲ್ಲಿ ಬಲವಾಗಿದೆ. ದುಂಡುದುಂಡಾಗಿರುವ ಮಗುವನ್ನು ಹೊರಗಿನವರು ಬಾಯ್ತುಂಬ ಹೊಗಳಿದರೆ ದೃಷ್ಟಿಯಾಗುತ್ತದೆಂದು ಹೆತ್ತವರು ಅಂಜುತ್ತಾರೆ. ಕೆನ್ನೆಗೆ ಕಪ್ಪುಬೊಟ್ಟಿಡುತ್ತಾರೆ, ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಹಿಂದೆ ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ ತಿಪ್ಪಯ್ಯ, ಹುಚ್ಚಪ್ಪ ಮುಂತಾದ ಕೀಳುಗಳೆವ ಹೆಸರುಗಳನ್ನು ಬೇಕೆಂದೇ ಇಡುತ್ತಿದ್ದುದೂ ಇದೇ ಭಯದಿಂದ. ಕೇಳುವ ಕಿವಿಗೆ ನಿಂದೆಯಾಗಿ ತೋರುವುದು ಇಟ್ಟವರ ಮನಸ್ಸಿನಲ್ಲಿ ರಕ್ಷೆ.

‘ಗುಂಡ’ ಎಂಬ ಪದದ ಪಯಣ ಈ ಹಿನ್ನೆಲೆಯಲ್ಲಿ ಕುತೂಹಲಕರ. ಗುಂಡು ಎಂದರೆ ದುಂಡಾದ ಕಲ್ಲು. ಹಳ್ಳಿಗಳಲ್ಲಿ ಗುಂಡು ಎತ್ತುವುದು ಶಕ್ತಿಯ ಪರೀಕ್ಷೆ. ‘ಗುಂಡುಕಲ್ಲಿನ ಹಾಗಿದ್ದಾನೆ’ ಎಂಬುದು ಗಟ್ಟಿಮುಟ್ಟಾದ ಆರೋಗ್ಯಕ್ಕೆ ಸಲ್ಲುವ ಹೊಗಳಿಕೆ. ಗುಂಡಪ್ಪ, ಗುಂಡಯ್ಯ, ಗುಂಡೂರಾವ್ ಎಂಬವು ಕರ್ನಾಟಕದ ಗೌರವಾನ್ವಿತ ಅಂಕಿತನಾಮಗಳು. ಡಿ.ವಿ. ಗುಂಡಪ್ಪನವರ (1887–1975) ಹೆಸರಿನಲ್ಲಾಗಲಿ, 1980ರಿಂದ 1983ರವರೆಗೆ ಮುಖ್ಯಮಂತ್ರಿಗಳಾಗಿದ್ದ ಆರ್. ಗುಂಡೂರಾವ್ ಅವರ ಹೆಸರಿನಲ್ಲಾಗಲಿ ಯಾರೂ ಮೈಯ ಗಾತ್ರವನ್ನು ಹುಡುಕುವುದಿಲ್ಲ. ಆದರೆ ‘ಗುಂಡಮ್ಮ’ ಎಂಬ ಹೆಣ್ಣಿನ ಹೆಸರು ಇಂದು ಅಂಕಿತನಾಮವಾಗಿ ಹಿಂದೆ ಸರಿದು, ದಪ್ಪಗಿನ ಹುಡುಗಿಯನ್ನು ಛೇಡಿಸುವ ಮಾತಾಗಿ ಮುಂದೆ ಬಂದಿದೆ. 2017ರಲ್ಲಿ ಆರಂಭವಾದ ‘ಬ್ರಹ್ಮಗಂಟು’ ಧಾರಾವಾಹಿಯಲ್ಲಿ ಸ್ಥೂಲಕಾಯದ ನಾಯಕಿಯನ್ನು ಕರೆದದ್ದು ಈ ಹೆಸರಿನಿಂದಲೇ. ಒಂದೇ ಬೇರಿನ ಪದ ಗಂಡಿಗೆ ಹೆಸರಾಗಿ ಉಳಿದು ಹೆಣ್ಣಿಗೆ ಅಡ್ಡಹೆಸರಾಗಿ ಮಾರ್ಪಟ್ಟದ್ದು ಆಕಸ್ಮಿಕವಲ್ಲ. ಹೆಣ್ಣು ನೋಡುವ ಶಾಸ್ತ್ರದಿಂದ ಮೊದಲ್ಗೊಂಡು ಹೆಣ್ಣಿನ ಮೈ ಪರರ ಮಾತಿಗೆ ಸದಾ ತೆರೆದಿಟ್ಟ ವಸ್ತು. ಅಲ್ಲಿ ನೋಡುವವರು ಆಡುತ್ತಾರೆ. ನೋಡಿಸಿಕೊಳ್ಳುವವಳು ತಲೆತಗ್ಗಿಸಿ ಕೇಳುತ್ತಾಳೆ.

ಉಪಮಾನಗಳ ಆಯ್ಕೆ

ಮೈಕಟ್ಟಿನ ಮಾತಿಗೆ ಜನಪದರು ಉಪಮಾನಗಳನ್ನು ಪುರಾಣ, ಆಚರಣೆ ಹಾಗೂ ಸುತ್ತಲಿನ ಬದುಕಿನಿಂದ ಎತ್ತಿಕೊಳ್ಳುತ್ತಾರೆ. ಬಂಡಿ ಅನ್ನವನ್ನು ಬಕಾಸುರ ತಿನ್ನುತ್ತಿದ್ದ. ಅವನಿಗೆಂದು ಕಳುಹಿಸಿದ ಬಂಡಿ ಅನ್ನವನ್ನೇ ಭೀಮ ತಿಂದ. ಆದರೂ ‘ಭೀಮ’ ಎಂದರೆ ಪ್ರಶಂಸೆ, ‘ಬಕಾಸುರ’ ಎಂದರೆ ನಿಂದೆ. ಕುಳ್ಳನೆಂದರೆ ನೊಂದುಕೊಳ್ಳುವವನು ವಾಮನಮೂರ್ತಿ ಎಂದರೆ ನಕ್ಕು ಸುಮ್ಮನಾಗಬಹುದು. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆ ಗಿಡ್ಡತನವನ್ನು ಮೊದಲು ಕೊರತೆಯೆಂದು ಒಪ್ಪಿಕೊಂಡು ಅನಂತರ ಸಮಾಧಾನ ಹೇಳುತ್ತದೆ. ಆ ಸಮಾಧಾನದೊಳಗೂ ಒಂದು ಸಣ್ಣ ಮುಳ್ಳಿದೆ.

ಬೀರೇಶ್ವರನ ಆರಾಧನೆಯಲ್ಲಿ ಕುರುಬ ಸಮುದಾಯದವರು ಬಾರಿಸುವ ಡೊಳ್ಳು ಪೂಜ್ಯವಾದ ವಾದ್ಯ. ಗಣಪನ ಹೊಟ್ಟೆಗೆ ಡೊಳ್ಳಿನ ಹೋಲಿಕೆ ಭಕ್ತಿಯ ಸಲಿಗೆ. ನೆರೆಮನೆಯವನ ಹೊಟ್ಟೆಗೆ ಅದು ಪರಿಹಾಸ್ಯ. ಮೈಸೂರು ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳ ಹೆಸರು ಕಟ್ಟುಮಸ್ತಾದ ಆಳಿಗೆ ಹೊಗಳಿಕೆಯಾದರೆ, ಗರಡಿಯ ‘ಪೈಲ್ವಾನ’ನಿಗೆ ಕಡ್ಡಿಯನ್ನು ಜೋಡಿಸಿದ ‘ಕಡ್ಡಿ ಪೈಲ್ವಾನ್’ ಕಟುವಾದ ವ್ಯಂಗ್ಯ. ಮಲೆನಾಡಿನ ಗುಡ್ಡ ಹತ್ತಿ, ಮಳೆಯಲ್ಲಿ ನೆನೆದು, ಸಿಕ್ಕಿದ್ದನ್ನು ಮೇಯ್ದು ಬದುಕುವ ದನದ ತಳಿಗೆ ‘ಮಲೆನಾಡು ಗಿಡ್ಡ’ ಎಂಬುದೇ ಅಧಿಕೃತ ಹೆಸರು. ಅಲ್ಲಿ ಗಿಡ್ಡತನ ತಳಿಯ ಗುಣ. ಮನುಷ್ಯನಲ್ಲಿ ಮಾತ್ರ ಅದು ಕುಂದು.

ಪ್ರಾದೇಶಿಕ ಭೇದಗಳೂ ಪದದ ತೂಕವನ್ನು ಬದಲಿಸುತ್ತವೆ. ಕರಾವಳಿಯ ‘ತೋರ’ ಮತ್ತು ‘ಸಪೂರ’ ಎಂಬ ಪದಗಳು ದಪ್ಪ, ತೆಳು ಎಂಬುದನ್ನು ಹೆಚ್ಚಿನ ಭಾವಭಾರವಿಲ್ಲದೆ ಹೇಳಬಲ್ಲವು. ಉತ್ತರ ಕರ್ನಾಟಕದ ಗಿಡ್ಡನವರ, ಗುಂಡಣ್ಣವರ ಎಂಬಂತಹ ಮನೆತನದ ಹೆಸರುಗಳಲ್ಲಿ ಇಂತಹ ಪದಗಳು ತಲೆಮಾರುಗಳ ಗುರುತಾಗಿ ನೆಲೆನಿಂತಿವೆ. ಕನ್ನಡದ ‘ಮೋಟು’ ಗಿಡ್ಡವಾದದ್ದು, ತುದಿ ಕಡಿದದ್ದು. ಹಿಂದಿಯ ‘ಮೋಟು’ ದಪ್ಪನೆಯವನು. ಎರಡು ನುಡಿಗಳು ಬೆರೆಯುವ ಊರುಗಳಲ್ಲಿ ಒಂದೇ ಉಚ್ಚಾರದ ಪದ ಎರಡು ಬೇರೆ ಬೇರೆ ಮೈಗಳನ್ನು ಚುಚ್ಚಬಲ್ಲದು.

ಬೆಳ್ಳಿತೆರೆಯಿಂದ ಕಾನೂನಿನವರೆಗೆ

ಆಧುನಿಕ ಕಾಲದಲ್ಲಿ ‘ಕುಳ್ಳ’ ಎಂಬ ಪದವನ್ನು ತನ್ನದಾಗಿಸಿಕೊಂಡವರು ನಟ, ನಿರ್ಮಾಪಕ, ನಿರ್ದೇಶಕ ದ್ವಾರಕೀಶ್ (1942–2024). ‘ಕುಳ್ಳ ಏಜೆಂಟ್ 000’ (1972), ‘ಕಳ್ಳ ಕುಳ್ಳ’ (1975), ‘ಪ್ರಚಂಡ ಕುಳ್ಳ’ (1984) ಎಂದು ಅವರ ಚಿತ್ರಗಳ ಶೀರ್ಷಿಕೆಯಲ್ಲೇ ಆ ಪದ ಮೆರೆಯಿತು. ಆಡಿಕೊಳ್ಳುವವರು ಆಡುವ ಮೊದಲೇ ತಾನೇ ಆಡಿ, ಅದನ್ನು ಬಿರುದಾಗಿ ಮಾಡಿಕೊಂಡ ಅಪೂರ್ವ ನಿದರ್ಶನ ಇದು. ಕುಬ್ಜ ವಿಷ್ಣುವರ್ಧನನಿಗೆ ರಾಜ್ಯವಿತ್ತು; ದ್ವಾರಕೀಶರಿಗೆ ತೆರೆಯಿತ್ತು. ಇಬ್ಬರಲ್ಲೂ ಪದದ ಮೇಲೆ ಹಿಡಿತವಿತ್ತು. ಆದರೆ ಚಿತ್ರ ನೋಡಿ ಬಂದ ಹುಡುಗರು ಶಾಲೆಯ ಅಂಗಳದಲ್ಲಿ ಸಹಪಾಠಿಯೊಬ್ಬನನ್ನು ‘ಕುಳ್ಳ’ ಎಂದು ಕೂಗಿದಾಗ ಆ ಬಾಲಕನಿಗೆ ಅಂತಹ ಹಿಡಿತವಿರಲಿಲ್ಲ. ಒಬ್ಬರು ಗೆದ್ದ ಪದ ಎಲ್ಲರಿಗೂ ಗೆಲುವಾಗುವುದಿಲ್ಲ.

ಈ ಸೂಕ್ಷ್ಮವನ್ನು ಕಾನೂನು ತಡವಾಗಿಯಾದರೂ ಗುರುತಿಸಿದೆ. ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ವಯಸ್ಕರಲ್ಲಿ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಎತ್ತರಕ್ಕೆ ಕಾರಣವಾಗುವ ವೈದ್ಯಕೀಯ ಅಥವಾ ಆನುವಂಶಿಕ ಸ್ಥಿತಿಯಾದ ಕುಬ್ಜತೆಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿದೆ. ಅಂಗವೈಕಲ್ಯವುಳ್ಳವರನ್ನು ಸಾರ್ವಜನಿಕರ ಎದುರು ಉದ್ದೇಶಪೂರ್ವಕವಾಗಿ ಅಪಮಾನಿಸುವುದನ್ನು 92ನೆಯ ಪ್ರಕರಣದಲ್ಲಿ ಶಿಕ್ಷಾರ್ಹ ಅಪರಾಧವಾಗಿಸಿದೆ. 2024ರ ಜುಲೈ 8ರಂದು ಸರ್ವೋಚ್ಚ ನ್ಯಾಯಾಲಯವು ದೃಶ್ಯಮಾಧ್ಯಮಗಳಲ್ಲಿ ಇಂತಹವರ ಚಿತ್ರಣವನ್ನು ಕುರಿತು ನೀಡಿದ ತೀರ್ಪಿನಲ್ಲಿ, ತಿಳಿವಳಿಕೆಯನ್ನು ಬೆಳೆಸುವ ಹಾಸ್ಯ ಮತ್ತು ಕೀಳಾಗಿಸುವ ಹಾಸ್ಯ ಇವೆರಡನ್ನೂ ಬೇರ್ಪಡಿಸಿತು. ಯಾರು, ಯಾರೆದುರು, ಏಕೆ ಆಡಿದರು ಎಂದು ಕೇಳುವ ಹಳ್ಳಿಯ ಪಂಚಾಯಿತಿಕಟ್ಟೆಯ ವಿವೇಕಕ್ಕೆ ಇದು ದೂರವಾದುದಲ್ಲ.

ಇತ್ತ ಹಸಿವಿನ ನೆರಳೂ ಸ್ಥಳ ಬದಲಿಸುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಶೇ. 17ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು, ಶೇ. 30ರಷ್ಟು ಮಂದಿ ಹೆಚ್ಚು ತೂಕದವರು. ಅಜ್ಜಿ ಹಾರೈಕೆಯಾಗಿ ‘ಮೈಕೈ ತುಂಬಿಕೊಂಡಿದ್ದೀಯ’ ಎಂದರೆ ಮೊಮ್ಮಗಳು ನೊಂದುಕೊಳ್ಳುತ್ತಾಳೆ. ಗೆಳತಿ ‘ಇಳಿದಿದ್ದೀಯ’ ಎಂದರೆ ಹಿಗ್ಗುತ್ತಾಳೆ. ಅಜ್ಜಿಯ ಮಾತಿನಲ್ಲಿ ಬರದ ನೆನಪಿದೆ, ಮೊಮ್ಮಗಳ ಕಿವಿಯಲ್ಲಿ ಅದಿಲ್ಲ. ಇಬ್ಬರಲ್ಲಿ ಯಾರೂ ತಪ್ಪಿತಸ್ಥರಲ್ಲ.

ಸಮಾರೋಪ

ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು (1894), ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟು ಪದಗಳ ಅರ್ಥಸಂಗ್ರಹದಲ್ಲಿ ಮಹತ್ತರ ಕಾರ್ಯ ಮಾಡಿವೆ. ಆದರೆ ದೇಹವಾಚಕಗಳ ವಿಷಯದಲ್ಲಿ ಅರ್ಥವೊಂದೇ ಸಾಲದು. ‘ಕುಳ್ಳ: ಗಿಡ್ಡದೇಹದವನು’ ಎಂದು ಬರೆದರೆ ಪದದ ಅರ್ಧವಷ್ಟೇ ದಾಖಲಾಗುತ್ತದೆ. ಯಾರು ಆಡಿದರು, ಯಾರ ಮುಂದೆ ಆಡಿದರು, ಆಡಿಸಿಕೊಂಡವರು ನಕ್ಕರೇ, ಮೌನವಾದರೇ, ಎದ್ದುಹೋದರೇ ಎಂಬುದು ಉಳಿದರ್ಧ. ಕ್ಷೇತ್ರಕಾರ್ಯದಲ್ಲಿ ಗಾದೆ, ಒಗಟು, ಅಡ್ಡಹೆಸರುಗಳನ್ನು ಸಂಗ್ರಹಿಸುವವರು ಈ ಉಳಿದರ್ಧವನ್ನೂ ಬರೆದಿಟ್ಟುಕೊಳ್ಳಬೇಕಾಗಿದೆ. ಹೇಳಿದವರ ನಗುವನ್ನು ಹಲವು ಸಂಗ್ರಹಗಳು ಉಳಿಸಿಕೊಟ್ಟಿವೆ. ಕೇಳಿಸಿಕೊಂಡವರ ಮುಖವನ್ನು ದಾಖಲಿಸುವ ಕೆಲಸ ಇನ್ನು ಆಗಬೇಕಾದದ್ದು.