ಒಂದು ಅಗುಳು ನೋಡಿ ಅನ್ನ ಹೇಳೋರು

ಅನ್ನ ಬೆಂದಿದೆಯಾ ಅಂತ ನೋಡೋಕೆ ಇಡೀ ಪಾತ್ರೆ ತಿನ್ನಬೇಕಾಗಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು. ಅಡುಗೆಮನೆಯಲ್ಲಿ ಈ ಮಾತು ಸುಳ್ಳಾಗಲ್ಲ. ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ. ಆದರೆ ಇದೇ ಲೆಕ್ಕವನ್ನು ಚುನಾವಣೆಗೆ ಹಚ್ಚಿದರೆ ಏನಾಗುತ್ತೆ? ಅಮೆರಿಕದವರು ಸುಮಾರು ಇನ್ನೂರು ವರ್ಷಗಳಿಂದ ಅಧ್ಯಕ್ಷರ ಚುನಾವಣೆಗೆ ಇಂಥದ್ದೊಂದು ಅಗುಳು ಹುಡುಕುತ್ತಲೇ ಇದ್ದಾರೆ. ಆ ಹುಡುಕಾಟದ ಕಥೆ ಸ್ವಲ್ಪ ನೋಡೋಣ.

ಮೊದಲ ಅಗುಳು ಮೇನ್ ರಾಜ್ಯ. ದೇಶದ ಈಶಾನ್ಯ ತುದಿಯಲ್ಲಿರುವ ಈ ರಾಜ್ಯದಲ್ಲಿ ಚಳಿ ಬೇಗ ಶುರುವಾಗುತ್ತೆ. ಹಾಗಾಗಿ ಗವರ್ನರ್ ಚುನಾವಣೆಯನ್ನು ನವೆಂಬರ್‌ವರೆಗೆ ಕಾಯದೆ ಸೆಪ್ಟೆಂಬರಿನಲ್ಲೇ ಮುಗಿಸುತ್ತಿದ್ದರು. 1840ರಲ್ಲಿ ಅಲ್ಲಿ ವಿಗ್ ಪಕ್ಷದ ಗವರ್ನರ್ ಗೆದ್ದರು. ಎರಡು ತಿಂಗಳ ನಂತರ ಅದೇ ಪಕ್ಷದ ಹ್ಯಾರಿಸನ್ ಅಧ್ಯಕ್ಷರಾದರು. ಮೇನ್ ಹೋದ ದಾರಿಯಲ್ಲೇ ದೇಶ ಹೋಗುತ್ತೆ ಅನ್ನೋ ಮಾತು ಹುಟ್ಟಿಕೊಂಡಿತು, ಸುಮಾರು ನೂರು ವರ್ಷ ಬಾಳಿತು ಕೂಡ.

ಅದು ಸತ್ತಿದ್ದು 1936ರಲ್ಲಿ. ಸೆಪ್ಟೆಂಬರಿನಲ್ಲಿ ಮೇನ್ ರಿಪಬ್ಲಿಕನ್ ಗವರ್ನರನ್ನು ಆರಿಸಿತು. ನವೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಸೋತ ಎರಡೇ ರಾಜ್ಯ ಮೇನ್ ಮತ್ತು ವರ್ಮಾಂಟ್. ರೂಸ್‌ವೆಲ್ಟ್ ಪ್ರಚಾರ ನೋಡಿಕೊಂಡಿದ್ದ ಜೇಮ್ಸ್ ಫಾರ್ಲಿ ಹಳೇ ಗಾದೆಯನ್ನೇ ತಿರುಗಿಸಿ, ಮೇನ್ ಹಿಂದೆ ಹೋಗೋದು ವರ್ಮಾಂಟ್ ಮಾತ್ರ ಅಂತ ಕಿಚಾಯಿಸಿದರು.

ಅದೇ ವರ್ಷ ಇನ್ನೊಂದು ದೊಡ್ಡ ಪಾತ್ರೆಯೂ ಉರುಳಿತು. ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ 1 ಕೋಟಿ ಜನಕ್ಕೆ ಅಣಕು ಮತಪತ್ರ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಎಣಿಸಿ ನೋಡಿದರೆ ರಿಪಬ್ಲಿಕನ್ ಲ್ಯಾಂಡನ್‌ಗೆ ಶೇ. 55ರಷ್ಟು, ರೂಸ್‌ವೆಲ್ಟ್‌ಗೆ ಶೇ. 41. ನಿಜವಾದ ಚುನಾವಣೆಯಲ್ಲಿ ರೂಸ್‌ವೆಲ್ಟ್‌ಗೆ ಬಿದ್ದದ್ದು ಶೇ. 61ರ ಹತ್ತಿರ! ಪತ್ರಿಕೆ ವಿಳಾಸ ತಗೊಂಡಿದ್ದು ಟೆಲಿಫೋನ್ ಡೈರೆಕ್ಟರಿ, ಕಾರ್ ನೋಂದಣಿ ಇಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿದ್ದವು ಹೇಳಿ? ಅದರ ಮೇಲೆ, ಉತ್ತರ ಕಳಿಸಿದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಸಿಟ್ಟಿದ್ದವರು ಅಂಚೆಗೆ ಹಾಕಿದರು, ಉಳಿದವರು ಸುಮ್ಮನಿದ್ದರು. ಜಾರ್ಜ್ ಗ್ಯಾಲಪ್ ಇದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ ರೂಸ್‌ವೆಲ್ಟ್ ಗೆಲ್ತಾರೆ ಅಂತ ಸರಿಯಾಗಿ ಹೇಳಿದ್ದರು. ಡೈಜೆಸ್ಟ್ ತಪ್ಪಾಗುತ್ತೆ ಅಂತಲೂ ಮೊದಲೇ ಹೇಳಿದ್ದರು. 1938ರಲ್ಲಿ ಆ ಪತ್ರಿಕೆ ಮುಚ್ಚಿಹೋಯಿತು. ಡೇಟಾ ಜಾಸ್ತಿ ಇದ್ದರೆ ಸತ್ಯ ಜಾಸ್ತಿ ಅಂತ ನಂಬೋ ನಮ್ಮ ಕಸುಬಿನವರು ಈ ಕಥೆ ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಬೇಕು.

ಇಷ್ಟಾದ ಮೇಲೂ ಅಗುಳಿನ ಆಸೆ ಬಿಡಲಿಲ್ಲ. ಈ ಸಲ ಸಿಕ್ಕಿದ್ದು ಇಂಡಿಯಾನಾ ರಾಜ್ಯದ ವೀಗೋ ಕೌಂಟಿ. ಕೌಂಟಿ ಅಂದರೆ ನಮ್ಮ ತಾಲ್ಲೂಕು, ಜಿಲ್ಲೆಯ ಥರ ಅಂದುಕೊಳ್ಳಿ. ಜನ 1 ಲಕ್ಷದ ಆಸುಪಾಸು, ಮುಖ್ಯ ಊರು ಟೆರ್ರ ಹೋಟ್. ಕೋಕಾಕೋಲಾದ ಸೊಂಟ ಬಳುಕಿದ ಬಾಟಲಿಯ ವಿನ್ಯಾಸ 1915ರಲ್ಲಿ ಇದೇ ಊರಿನ ಗಾಜಿನ ಕಾರ್ಖಾನೆಯಲ್ಲಿ ಆಯಿತು. ಅಮೆರಿಕದ ಮೊದಲ ಸಿ.ಡಿ. ತಯಾರಾಗಿದ್ದೂ ಇಲ್ಲೇ, 1984ರಲ್ಲಿ. ಕಾರ್ಮಿಕ ನಾಯಕ, ಐದು ಸಲ ಸೋಷಲಿಸ್ಟರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಯೂಜೀನ್ ಡೆಬ್ಸ್ ಇದೇ ಊರಿನವರು.

1888ರಿಂದ 2016ರವರೆಗೆ ಈ ಕೌಂಟಿ ತಪ್ಪಿದ್ದು ಎರಡೇ ಸಲ, 1908 ಮತ್ತು 1952ರಲ್ಲಿ. 1956ರಿಂದ ಶುರುಮಾಡಿದರೆ ಸತತ 16 ಚುನಾವಣೆ ಸರಿ! ಕೆನಡಿ, ನಿಕ್ಸನ್, ರೇಗನ್, ಕ್ಲಿಂಟನ್, ಒಬಾಮ, ಟ್ರಂಪ್, ಎಲ್ಲರನ್ನೂ ಹಿಡಿದುಕೊಟ್ಟಿತ್ತು. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ವರದಿಗಾರರು ಅಲ್ಲಿಗೆ ಬಂದು ಹೋಟೆಲ್ ಟೇಬಲಿನಲ್ಲಿ ಕೂತು ಯಾರಿಗೆ ಓಟು ಅಂತ ಕೇಳೋದು ಒಂದು ಜಾತ್ರೆಯೇ ಆಗಿಹೋಗಿತ್ತು. 2020ರಲ್ಲಿ ವೀಗೋ ಟ್ರಂಪ್ ಕಡೆ ನಿಂತಿತು. ಗೆದ್ದಿದ್ದು ಬೈಡನ್.

ಹಾಗಾದರೆ ಅಷ್ಟು ವರ್ಷ ಸರಿಯಾಗಿದ್ದು ಹೇಗೆ? ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ಅಷ್ಟು ಜನ ಜ್ಯೋತಿಷ್ಯ ಹೇಳಿದರೆ ಒಂದಷ್ಟು ಜನರದ್ದು ಸತತವಾಗಿ ನಿಜವಾಗೇ ಆಗುತ್ತೆ. ಆಮೇಲೆ ಅವರನ್ನೇ ಹುಡುಕಿ ಹಾರ ಹಾಕ್ತೀವಿ. ಜತೆಗೆ ಪ್ರಶ್ನೆಪತ್ರಿಕೆಯೂ ಅಷ್ಟೇನೂ ಕಷ್ಟದ್ದಲ್ಲ. 1972ರಲ್ಲಿ ನಿಕ್ಸನ್, 1984ರಲ್ಲಿ ರೇಗನ್ 50ರಲ್ಲಿ 49 ರಾಜ್ಯ ಗೆದ್ದರು. ಅಂಥ ವರ್ಷ ಸರಿ ಉತ್ತರ ಬರೆಯೋದು ದೊಡ್ಡ ವಿಷಯವೇ?

ಇದರ ಅರ್ಥ ಎಲ್ಲವೂ ಅದೃಷ್ಟ ಅಂತಲೂ ಅಲ್ಲ. ಕಾರ್ಖಾನೆ ಕೆಲಸಗಾರರು, ಯೂನಿಯನ್‌ಗಳು, ಒಂದು ವಿಶ್ವವಿದ್ಯಾಲಯ, ಸುತ್ತ ಹೊಲ, ಹೀಗೆ ಎರಡೂ ಪಕ್ಷದ ಓಟು ವೀಗೋದಲ್ಲಿ ಬೆರೆತಿದ್ದವು. ದೇಶದ ಗೆಲುವು ಸೋಲು ಇಂಥ ಮಿಶ್ರಣದ ಮೇಲೆ ನಿಂತಿದ್ದಷ್ಟು ಕಾಲ ಆ ಅಗುಳು ಸರಿಯಾಗಿ ಬೇಯುತ್ತಿತ್ತು. ಆದರೆ ಪಕ್ಷಗಳ ಬುಡವೇ ಜರುಗಿತು. ಕಾಲೇಜು ಓದಿದ ನಗರದವರು ಡೆಮಾಕ್ರಟ್ ಕಡೆ, ಸಣ್ಣ ಊರಿನ ಬಿಳಿಯ ಕಾರ್ಮಿಕರು ರಿಪಬ್ಲಿಕನ್ ಕಡೆ ಸರಿದರು. ಟೆರ್ರ ಹೋಟ್‌ನ ಸಿ.ಡಿ. ಕಾರ್ಖಾನೆಯೂ 2018ರಲ್ಲಿ ಸಿ.ಡಿ. ಮಾಡೋದು ನಿಲ್ಲಿಸಿತು. 2020ರಲ್ಲಿ ಬೈಡನ್ ಗೆದ್ದ ಕೌಂಟಿಗಳು ಐದನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಅದರಲ್ಲಿ ಲಾಸ್ ಏಂಜಲೀಸ್ ಒಂದರಲ್ಲೇ ಸುಮಾರು 1 ಕೋಟಿ ಜನ. ಅಂದರೆ ನೂರು ವೀಗೋ!

ಇಲ್ಲಿಗೆ ಇದು ತಮಾಷೆಯ ಅಂಕಿಅಂಶವಾಗಿ ಮುಗಿಯಬೇಕಿತ್ತು, ಮುಗಿಯಲಿಲ್ಲ. 1980ರಿಂದ 2016ರವರೆಗೆ ಪ್ರತಿ ಸಲವೂ ಗೆದ್ದವರ ಜತೆಗಿದ್ದ 19 ಕೌಂಟಿಗಳಿದ್ದವು. 2020ರಲ್ಲಿ ಅದರಲ್ಲಿ 18 ಟ್ರಂಪ್‌ಗೆ ಓಟು ಹಾಕಿದವು. ವಾಷಿಂಗ್ಟನ್ ರಾಜ್ಯದ ಕ್ಲಾಲಮ್ ಒಂದೇ ಬೈಡನ್ ಕಡೆ. 18 ಅಗುಳು ಒಂದೇ ಮಾತು ಹೇಳ್ತಿವೆ ಅಂದಮೇಲೆ ಪಾತ್ರೆಯೇ ಮೋಸ ಅಂತ ವಾದ ಹುಟ್ಟಿತು, ಚುನಾವಣೆ ಕಳುವಾಗಿದೆ ಅನ್ನೋದಕ್ಕೆ ಇದನ್ನೇ ಸಾಕ್ಷಿ ಮಾಡಿದರು. ನ್ಯಾಯಾಲಯಗಳಲ್ಲಿ ಹೂಡಿದ 60ಕ್ಕೂ ಹೆಚ್ಚು ದಾವೆಗಳು ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಆದರೂ 2021ರ ಜನವರಿ 6ರಂದು ಜನ ಸಂಸತ್ ಭವನಕ್ಕೇ ನುಗ್ಗಿದರು. ಅವರ ಸಿಟ್ಟಿಗೆ ಬೇರೆ ಬೇರೆ ಕಾರಣಗಳಿದ್ದವು, ಒಪ್ಪೋಣ. ಆದರೆ ಮನರಂಜನೆಗೆ ಅಂತ ಸಾಕಿಕೊಂಡ ಒಂದು ನಂಬಿಕೆಯೂ ಆ ಬೆಂಕಿಗೆ ಸೌದೆಯಾಯಿತು. ಜನ ಹಾಕಿದ ಓಟಿಗಿಂತ ಭವಿಷ್ಯವೇ ದೊಡ್ಡದು ಅನ್ನೋ ಹಂತಕ್ಕೆ ಹೋದರೆ ಹೀಗೇ ಆಗೋದು. 2024ರಲ್ಲಿ ಕ್ಲಾಲಮ್ ಕಮಲಾ ಹ್ಯಾರಿಸ್‌ಗೆ ಓಟು ಹಾಕಿ ತಾನೂ ಆ ಪಟ್ಟಿಯಿಂದ ಹೊರಬಿತ್ತು.

ನಮ್ಮಲ್ಲಿ ಇಂಥದ್ದಿಲ್ಲ ಅಂತೀರಾ? ಗದಗ ಜಿಲ್ಲೆಯ ಶಿರಹಟ್ಟಿ ಕ್ಷೇತ್ರ ಗೆದ್ದ ಪಕ್ಷವೇ ಬೆಂಗಳೂರಿನಲ್ಲಿ ಸರ್ಕಾರ ಮಾಡುತ್ತೆ ಅಂತ ಎಷ್ಟು ಸಲ ಕೇಳಿಲ್ಲ? 2023ರಲ್ಲಿ ಶಿರಹಟ್ಟಿ ಬಿ.ಜೆ.ಪಿ.ಗೆ ಸಿಕ್ಕಿತು, ಸರ್ಕಾರ ಕಾಂಗ್ರೆಸ್ಸಿನದ್ದಾಯಿತು. ನಮ್ಮೂರ ಕಡೆ ಕಟ್ಟೆ ಮೇಲೆ ಕೂತವರು ಇಂಥ ಮಾತು ಆಡ್ತಾರೆ, ಆಡಿ ನಕ್ಕು ಎದ್ದು ಹೋಗ್ತಾರೆ. ಅಷ್ಟಕ್ಕೆ ಬಿಟ್ಟರೆ ಚೆಂದ.

ಮುಂದಿನ ಚುನಾವಣೆ ಹೊತ್ತಿಗೆ ವಾಟ್ಸಾಪಿನಲ್ಲಿ ‘ಈ ಊರು ಯಾವತ್ತೂ ತಪ್ಪಿಲ್ಲ’ ಅಂತ ಬಂದೇ ಬರುತ್ತೆ. ಆಗ ಎರಡು ಪ್ರಶ್ನೆ ಕೇಳಿ. ಎಷ್ಟು ಊರು ಜಾಲಾಡಿ ಈ ಒಂದನ್ನು ಹೆಕ್ಕಿದರು? ಈ ಊರಲ್ಲಿ ಇಲ್ಲದ ಜನ ಯಾರು? ಜತೆಗೆ, ಅಲ್ಲಿನವರನ್ನು ಯಾರು ಗೆಲ್ತಾರೆ ಅಂತ ಮಾತ್ರ ಕೇಳಿ ಬರೋ ಬದಲು, ಕಾರ್ಖಾನೆ ನಿಂತ ಮೇಲೆ ಮನೆ ಹೇಗೆ ನಡೀತಿದೆ ಅಂತ ಒಬ್ಬರಾದರೂ ಕೇಳಿದರೆ, ಅವರ ಓಟು ಎತ್ತ ತಿರುಗಿದೆ ಅನ್ನೋದೂ ಅಲ್ಲೇ ಗೊತ್ತಾಗುತ್ತೆ.