ಸದನದಲ್ಲಿ ಪ್ರಶ್ನೆ: ಮುಂದ್ರಾ ಪ್ರಕರಣ (1957–58)

ಸಚಿವ ಸ್ಥಾನವಿಲ್ಲದ, ಹಿಂದಿನ ಸಾಲಿನ ಸದಸ್ಯರೊಬ್ಬರ ಪ್ರಶ್ನೆಯೂ ಸರ್ಕಾರವನ್ನು ಉತ್ತರದಾಯಿಯನ್ನಾಗಿಸಬಲ್ಲದು ಎಂಬುದಕ್ಕೆ ಮುಂದ್ರಾ ಪ್ರಕರಣವು ನಿದರ್ಶನವಾಗಿರುತ್ತದೆ.

1957ರ ಜೂನ್ ಮಾಹೆಯಲ್ಲಿ ಭಾರತೀಯ ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರಿಗೆ ಸಂಬಂಧಿಸಿದ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು 1.24 ಕೋಟಿ ರೂ. ತೊಡಗಿಸಿತು. ಇದು ಪಾಲಿಸಿದಾರರ ಉಳಿತಾಯದ ಹಣವಾಗಿತ್ತು. ಡಿಸೆಂಬರ್ 16ರಂದು ಆಡಳಿತ ಪಕ್ಷದವರೇ ಆದ ರಾಯ್‌ಬರೇಲಿಯ ಸದಸ್ಯ ಶ್ರೀ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಈ ಹೂಡಿಕೆಯ ಔಚಿತ್ಯವನ್ನು ಪ್ರಶ್ನಿಸಿದರು.

ತರುವಾಯ ನೇಮಕಗೊಂಡ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವು ಬಹಿರಂಗ ವಿಚಾರಣೆ ನಡೆಸಿ, ಅಧಿಕಾರಿಗಳ ಕೃತ್ಯಕ್ಕೆ ಸಚಿವರು ಸಾಂವಿಧಾನಿಕವಾಗಿ ಹೊಣೆಗಾರರೆಂದು ಅಭಿಪ್ರಾಯಪಟ್ಟಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಶ್ರೀ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಸಲ್ಲಿಸಿದರು.

ಸಾರ್ವಜನಿಕ ಹಣದ ಲೆಕ್ಕ ಕೇಳುವ ಹಕ್ಕು ವಿರೋಧ ಪಕ್ಷಕ್ಕಷ್ಟೇ ಸೀಮಿತವಲ್ಲ ಎಂಬುದನ್ನು ಈ ಪ್ರಕರಣವು ದಾಖಲಿಸಿದೆ.