ಒಂದೊಂದೇ ತೇಪೆ

ಶುಕ್ರವಾರ ಸಂಜೆ ಆರೂವರೆ. ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಸಹೋದ್ಯೋಗಿಯೊಬ್ಬರು ರಿವ್ಯೂಗೆ ಅಂತ ಒಂದು ಕೋಡ್ ಬದಲಾವಣೆ ಕಳಿಸಿದರು. ಅರವತ್ತಕ್ಕೂ ಹೆಚ್ಚು ಫೈಲು. ಅರ್ಧ ಬರೀ ಹೆಸರು ಬದಲಾಯಿಸಿದ್ದು, ಕಾಲು ಭಾಗ ಖಾಲಿ ಜಾಗ ಸರಿಮಾಡಿದ್ದು, ಇವೆಲ್ಲದರ ನಡುವೆ ಎಲ್ಲೋ ನಾಲ್ಕು ಸಾಲಿನ ನಿಜವಾದ ತಿದ್ದುಪಡಿ. ಮೊದಲ ಹತ್ತು ಫೈಲು ಶ್ರದ್ಧೆಯಿಂದಲೇ ಓದಿದೆ. ಆಮೇಲೆ ಮೌಸ್ ತಿರುಗಿಸಿದ್ದಷ್ಟೇ. ‘ಚೆನ್ನಾಗಿದೆ’ ಅಂತ ಬರೆದು ಬಸ್ಸು ಹಿಡಿದೆ. ತಪ್ಪು ಇದ್ದದ್ದು ಆ ನಾಲ್ಕು ಸಾಲಿನಲ್ಲೇ ಅಂತ ಭಾನುವಾರ ರಾತ್ರಿ ಫೋನ್ ಬಂದಾಗ ಗೊತ್ತಾಯ್ತು.

ಬರೆದವರು ಸೋಮಾರಿಯಲ್ಲ, ನಾನೂ ಅಲ್ಲ (ಅಂದ್ಕೊಂಡಿದ್ದೀನಿ). ಓದುವವರ ಮುಂದೆ ಎಷ್ಟು ಇಡಬೇಕು, ಯಾವ ಕ್ರಮದಲ್ಲಿ ಇಡಬೇಕು ಅನ್ನೋದನ್ನ ನಮ್ಮಿಬ್ಬರಲ್ಲಿ ಯಾರೂ ಯೋಚಿಸಿರಲಿಲ್ಲ. ಇದು ಹಳೇ ಪ್ರಶ್ನೆ. ದಿನಾ ಬಳಸೋ ಗಿಟ್‌ನ ಹುಟ್ಟಿಗೂ ಇದಕ್ಕೂ ನಂಟಿದೆ.

ಪ್ಯಾಚ್ ಅಂದ್ರೆ ತೇಪೆ. ಕಂಪ್ಯೂಟರಿನ ಮಟ್ಟಿಗೂ ಇದು ಮೊದಲು ನಿಜವಾದ ತೇಪೆಯೇ ಆಗಿತ್ತು. ಪೇಪರ್ ಟೇಪಿನ ಮೇಲೆ ತೂತು ಹೊಡೆದು ಪ್ರೋಗ್ರಾಂ ಬರೀತಿದ್ದ ಕಾಲದಲ್ಲಿ, ತಪ್ಪಿದ್ದ ಜಾಗಕ್ಕೆ ಬೇರೆ ತುಂಡು ಅಂಟಿಸ್ತಿದ್ದರು. 1974ರಲ್ಲಿ ಯುನಿಕ್ಸ್ ಜೊತೆ ‘ಡಿಫ್’ ಬಂತು: ಎರಡು ಫೈಲುಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೋರಿಸುವ ಪ್ರೋಗ್ರಾಂ. 1985ರಲ್ಲಿ ಲ್ಯಾರಿ ವಾಲ್ ‘ಪ್ಯಾಚ್’ ಬರೆದರು. ಅದು ಆ ವ್ಯತ್ಯಾಸವನ್ನು ಓದಿಕೊಂಡು ಇನ್ನೊಬ್ಬರ ಪ್ರತಿಗೆ ಹಚ್ಚುತ್ತದೆ, ಸಾಲುಗಳು ಒಂದಿಷ್ಟು ಆಚೀಚೆ ಸರಿದಿದ್ದರೂ ಸುತ್ತಮುತ್ತಲಿನ ಸಾಲು ನೋಡಿ ಜಾಗ ಹುಡುಕಿಕೊಳ್ಳುತ್ತದೆ. ಎಲ್ಲಾ ಕೋಡ್ ಕಳಿಸಬೇಕಿಲ್ಲ, ತೇಪೆ ಒಂದನ್ನೇ ಮೇಲ್‌ನಲ್ಲಿ ಕಳಿಸಿದರೆ ಸಾಕು ಅಂತಾಯ್ತು.

ಲಿನಕ್ಸ್ ಬೆಳೆದದ್ದು ಹೀಗೇ. 1991ರಿಂದ ಸುಮಾರು ಹನ್ನೊಂದು ವರ್ಷ ಲಿನಸ್ ಟೋರ್ವಾಲ್ಡ್ಸ್ ಯಾವ ವರ್ಷನ್ ಕಂಟ್ರೋಲೂ ಬಳಸಲಿಲ್ಲ. ಜಗತ್ತಿನ ಮೂಲೆ ಮೂಲೆಯಿಂದ ತೇಪೆಗಳು ಮೇಲ್‌ನಲ್ಲಿ ಬರ್ತಿದ್ದವು, ಅವರು ಓದಿ ಹಚ್ಚುತ್ತಿದ್ದರು, ಇಲ್ಲಾ ಬಿಡುತ್ತಿದ್ದರು. ಈ ‘ಬಿಡುವುದು’ ದೊಡ್ಡ ಜಗಳವಾಯ್ತು. 1998ರಲ್ಲಿ ತೇಪೆಗಳು ಉತ್ತರವೇ ಇಲ್ಲದೆ ಕಳೆದುಹೋಗಲು ಶುರುವಾದವು. ಕಳಿಸಿದವರು ಮತ್ತೆ ಕಳಿಸೋರು, ಅದರಿಂದ ರಾಶಿ ಇನ್ನೂ ದೊಡ್ಡದಾಗೋದು. 2002ರ ಜನವರಿಯಲ್ಲಿ ರಾಬ್ ಲ್ಯಾಂಡ್ಲಿ ಅನ್ನುವವರು, ಸಣ್ಣಪುಟ್ಟ ತೇಪೆಗಳನ್ನ ಆಯ್ದು ಲಿನಸ್‌ಗೆ ಒಪ್ಪಿಸಲು ಒಬ್ಬ ‘ಪ್ಯಾಚ್ ಪೆಂಗ್ವಿನ್’ ಬೇಕು ಅಂತ ಸೂಚಿಸಿದರು. ಕೋಡ್ ಬರೆಯೋರಿಗೆ ಬರವಿರಲಿಲ್ಲ. ಓದೋರಿಗೆ ಇತ್ತು.

ಅದೇ ಫೆಬ್ರವರಿಯಲ್ಲಿ ಲಿನಸ್ ಬಿಟ್‌ಕೀಪರ್ ಬಳಸಲು ಶುರುಮಾಡಿದರು. ಅದು ಲ್ಯಾರಿ ಮ್ಯಾಕ್ವಾಯ್ ಅವರ ಕಂಪನಿಯದ್ದು, ಡಿಸ್ಟ್ರಿಬ್ಯೂಟೆಡ್ ಮಾದರಿಯದ್ದು. ಅಂದ್ರೆ ಪ್ರತಿಯೊಬ್ಬರ ಕೈಯಲ್ಲೂ ಇಡೀ ಇತಿಹಾಸದ ಪ್ರತಿ, ಯಾವುದೋ ಒಂದು ಸರ್ವರಿನ ಅಪ್ಪಣೆಗೆ ಕಾಯಬೇಕಿಲ್ಲ. ಷರತ್ತುಗಳ ಮೇಲೆ ಉಚಿತವಾಗಿ ಸಿಗ್ತಿತ್ತು. ಆಂಡ್ರ್ಯೂ ಟ್ರಿಡ್ಜೆಲ್ ಬಿಟ್‌ಕೀಪರ್ ಸರ್ವರಿಗೆ ನೇರ ಜೋಡಿಸಿಕೊಂಡು ‘ಹೆಲ್ಪ್’ ಅಂತ ಟೈಪ್ ಮಾಡಿದರು, ಅದು ತನ್ನ ಆಜ್ಞೆಗಳ ಪಟ್ಟಿಯನ್ನೇ ಕೊಟ್ಟಿತು ಅನ್ನೋ ಕತೆ ಈಗ ಎಲ್ಲರಿಗೂ ಗೊತ್ತು. 2005ರ ಏಪ್ರಿಲ್ ಹೊತ್ತಿಗೆ ಉಚಿತ ಪರವಾನಗಿ ಹೋಯ್ತು. ಏಪ್ರಿಲ್ 3ಕ್ಕೆ ಲಿನಸ್ ಹೊಸದನ್ನು ಬರೆಯಲು ಕೂತರು, 7ರ ಹೊತ್ತಿಗೆ ಗಿಟ್ ತನ್ನ ಕೋಡನ್ನು ತಾನೇ ಇಟ್ಟುಕೊಳ್ಳುವಷ್ಟಾಗಿತ್ತು.

ಈ ಕತೆ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗೋದು ಒಂದು ಲೆಕ್ಕ. ಒಂದು ತೇಪೆ ಹಚ್ಚಲು ಮೂವತ್ತು ಸೆಕೆಂಡ್ ತಗೊಳ್ಳೋ ಸಿಸ್ಟಮ್ ನನಗೆ ಆಗಲ್ಲ ಅಂತ ಲಿನಸ್ ಆಗ ವಾದಿಸಿದ್ದರು. ಯಾಕಂದ್ರೆ ಇನ್ನೊಬ್ಬ ಮೇಂಟೇನರ್ ಜೊತೆ ಒಮ್ಮೆ ಸರಿಹೊಂದಿಸಿಕೊಳ್ಳಲು 250 ತೇಪೆ ಹಚ್ಚಬೇಕಾಗಬಹುದು. ಗುಣಿಸಿ ನೋಡಿ, ಎರಡು ಗಂಟೆ ದಾಟುತ್ತೆ. ಅವರು ಇಟ್ಟುಕೊಂಡ ಗುರಿ ಮೂರು ಸೆಕೆಂಡ್. ಆಗ ಅದೇ ಕೆಲಸ ಹನ್ನೆರಡೂವರೆ ನಿಮಿಷಕ್ಕೆ ಮುಗಿಯುತ್ತೆ. ಒಂದಕ್ಕೊಂದು ಜೋಡಿಸಿಕೊಂಡ ರಾಶಿ ಬದಲಾವಣೆಗಳನ್ನ ಬಿಡಿಬಿಡಿಯಾಗಿಯೇ ಉಳಿಸಿಕೊಂಡು ಹಚ್ಚುವುದು ಅವರ ನಿತ್ಯದ ಕೆಲಸ. 250ನ್ನೂ ಒಂದೇ ಮುದ್ದೆ ಮಾಡಿ ನುಂಗೋದಾದ್ರೆ ವೇಗದ ಮಾತೇ ಬೇಕಿರಲಿಲ್ಲ.

ಮುದ್ದೆ ಯಾಕೆ ಬೇಡ ಅನ್ನೋದಕ್ಕೆ ಲಿನಕ್ಸ್‌ನವರು ಕಟ್ಟಿಕೊಂಡ ರೂಢಿಯನ್ನೇ ನೋಡಿ. ಏಳು ತೇಪೆಯ ಸರಣಿ ಅಂದ್ರೆ ಎಂಟು ಮೇಲ್. ‘0/7’ ಅನ್ನೋದು ಮುನ್ನುಡಿ, ಏನು ಮಾಡ್ತಿದ್ದೀವಿ, ಯಾಕೆ. ‘1/7’ರಲ್ಲಿ ಬರೀ ಹೆಸರು ಬದಲಾವಣೆ ಇರಬಹುದು, ಕಣ್ಣಾಡಿಸಿದರೆ ಸಾಕು. ‘2/7’ರಲ್ಲಿ ಕೋಡ್ ಜಾಗ ಬದಲಾಯಿಸಿದ್ದು. ‘5/7’ರಲ್ಲಿ ನಿಜವಾದ ವಿಷಯ, ಅಲ್ಲಿ ಕಾಫಿ ಕುಡಿದು ಕೂತು ಓದಬೇಕು. ಪ್ರತಿ ತೇಪೆ ಹಚ್ಚಿದ ಮೇಲೂ ಕರ್ನಲ್ ಕಂಪೈಲ್ ಆಗಬೇಕು, ಓಡಬೇಕು. ಇದು ಬರೀ ಮಡಿವಂತಿಕೆಯಲ್ಲ. ನಾಳೆ ಏನಾದ್ರೂ ಕೆಟ್ಟರೆ ‘ಗಿಟ್ ಬೈಸೆಕ್ಟ್’ ಇತಿಹಾಸವನ್ನ ಅರ್ಧ, ಕಾಲು, ಅರೆಕಾಲು ಅಂತ ಸೀಳುತ್ತಾ ಕೆಡಿಸಿದ ತೇಪೆಯನ್ನ ಹಿಡಿದುಕೊಡುತ್ತೆ. ನಡುವೆ ಎಲ್ಲೋ ಕಂಪೈಲೇ ಆಗದ ಮೆಟ್ಟಿಲು ಸಿಕ್ಕರೆ ಹುಡುಕಾಟ ಎಡವುತ್ತೆ. ಒಮ್ಮೆಗೆ ಹದಿನೈದರ ಮೇಲೆ ಕಳಿಸಬೇಡಿ ಅಂತ ಕರ್ನಲ್ ದಾಖಲೆಯೇ ಹೇಳುತ್ತೆ. ಓದಿ ಒಪ್ಪಿದವರು ‘ರಿವ್ಯೂಡ್-ಬೈ’ ಅಂತ ಹೆಸರು ಕೊಟ್ಟರೆ ಅದೂ ತೇಪೆಯ ಜೊತೆ ಶಾಶ್ವತವಾಗಿ ಉಳಿಯುತ್ತೆ. ನನ್ನ ಶುಕ್ರವಾರದ ‘ಚೆನ್ನಾಗಿದೆ’ ಹಾಗೆ ಉಳಿಯದೇ ಇದ್ದದ್ದು ನನ್ನ ಪುಣ್ಯ.

ಇನ್ನೊಂದು ಮಾತು, ಇತಿಹಾಸ ಓದುವವರಿಗೆ ಸ್ವಲ್ಪ ಕಸಿವಿಸಿ ಆಗಬಹುದು. ಈ ಏಳು ಮೆಟ್ಟಿಲು ನಿಜವಾಗಿ ನಡೆದ ಕ್ರಮವಲ್ಲ. ಬರೆದವರು ಮೂರು ಸಲ ದಾರಿ ತಪ್ಪಿರ್ತಾರೆ, ರಾತ್ರಿ ಎರಡಕ್ಕೆ ಅಳಿಸಿ ಬರೆದಿರ್ತಾರೆ. ಅದನ್ನೆಲ್ಲಾ ‘ರೀಬೇಸ್’ ಮಾಡಿ, ಹಿಂದುಮುಂದು ಮಾಡಿ, ಮೊದಲಿನಿಂದಲೂ ಗೊತ್ತಿತ್ತು ಅನ್ನೋ ಹಾಗೆ ಜೋಡಿಸಿ ಕಳಿಸ್ತಾರೆ. ಬೇರೆಯವರ ಕೈಗೆ ಹೋದಮೇಲೆ ಹೀಗೆ ತಿದ್ದುವಂತಿಲ್ಲ, ಹೋಗುವ ಮುಂಚೆ ತಿದ್ದದಿದ್ದರೆ ಮರ್ಯಾದೆಯಲ್ಲ. ಮೊದಮೊದಲು ನನಗಿದು ಸುಳ್ಳು ಅನ್ನಿಸ್ತಿತ್ತು. ಈಗ ಹಾಗನ್ನಿಸಲ್ಲ. ಇದು ದಿನಚರಿಯಲ್ಲ, ಓದುವವರಿಗಾಗಿ ಬರೆದ ಪ್ರಬಂಧ.

ಕಷ್ಟ ಬರೋದು ಎರಡನೇ ಸುತ್ತಿನಲ್ಲಿ. ಟೀಕೆ ಬಂತು, ತಿದ್ದಿ ‘ವಿ2’ ಕಳಿಸಿದರು, ಆಮೇಲೆ ‘ವಿ3’. ಏಳರಲ್ಲಿ ಯಾವುದು ಬದಲಾಯ್ತು? ಮತ್ತೆ ಏಳನ್ನೂ ಓದಬೇಕಾ? ಇದಕ್ಕೆ ಥಾಮಸ್ ರಾಸ್ಟ್ ‘ಟಿಬಿಡಿಫ್’ ಅಂತ ಒಂದು ಸಾಧನ ಬರೆದಿದ್ದರು. ಯೋಹಾನಸ್ ಶಿಂಡೆಲಿನ್ ಅದನ್ನ ಗಿಟ್‌ನೊಳಗೆ ತಂದರು, 2018ರ 2.19 ಆವೃತ್ತಿಯಲ್ಲಿ ‘ರೇಂಜ್-ಡಿಫ್’ ಅಂತ ಬಂತು. ಹಳೇ ಸರಣಿಯ ಪ್ರತಿ ತೇಪೆಯನ್ನ ಹೊಸದರ ಜೋಡಿಯ ಪಕ್ಕ ಇಟ್ಟು, ವ್ಯತ್ಯಾಸದ ವ್ಯತ್ಯಾಸ ತೋರಿಸುತ್ತೆ. ನೋಡಲು ಕಣ್ಣು ಪಳಗಬೇಕು. ಪಳಗಿದ ಮೇಲೆ ಬಿಡೋಕಾಗಲ್ಲ. ಗಿಟ್ ಹುಟ್ಟಿ ಹದಿಮೂರು ವರ್ಷ ಬೇಕಾಯ್ತು ಇದಕ್ಕೆ.

ಅಷ್ಟರಲ್ಲಿ ಜಗತ್ತು ಬೇರೆ ಕಡೆ ಹೊರಟಿತ್ತು. 2008ರಲ್ಲಿ ಬಂದ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ಲಕ್ಷಾಂತರ ಜನರಿಗೆ ಬಾಗಿಲು ತೆರೆಯಿತು, ಅದನ್ನ ಜರಿಯುವ ಹಕ್ಕು ನನಗಿಲ್ಲ. ಆದರೆ ಅದು ಮೊದಲು ಮುಂದಿಡೋದು ಒಟ್ಟು ವ್ಯತ್ಯಾಸವನ್ನ, ಮೆಟ್ಟಿಲುಗಳನ್ನಲ್ಲ. ಒಂದರ ಮೇಲೊಂದು ನಿಂತ ಬದಲಾವಣೆ ಕಳಿಸಬೇಕಂದ್ರೆ ಸರ್ಕಸ್. ಶಾನ್ ಪಿಯರ್ಸ್ ಕಟ್ಟಿದ ಗೆರಿಟ್ ಬೇರೆ ದಾರಿ ಹಿಡಿಯಿತು: ಒಂದು ಕಮಿಟ್‌ಗೆ ಒಂದು ರಿವ್ಯೂ, ಎಷ್ಟು ಸಲ ತಿದ್ದಿದರೂ ಬದಲಾಗದ ‘ಚೇಂಜ್-ಐಡಿ’. ಎರಡು ಊರಿನ ಎರಡು ಪದ್ಧತಿ. ನಾನು ಶುಕ್ರವಾರ ಸಿಕ್ಕಿಹಾಕಿಕೊಂಡದ್ದು ಮೊದಲನೆಯದರಲ್ಲಿ.

ಸರಣಿಯ ತಾಳ್ಮೆ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ರಿಯಲ್-ಟೈಮ್ ಲಿನಕ್ಸ್ ನೋಡಬೇಕು. ಆಂಡ್ರ್ಯೂ ಮಾರ್ಟನ್ ತಮ್ಮ ತೇಪೆ ರಾಶಿ ಸಂಭಾಳಿಸಲು ಬರೆದುಕೊಂಡಿದ್ದ ಸ್ಕ್ರಿಪ್ಟುಗಳು ‘ಕ್ವಿಲ್ಟ್’ ಅನ್ನೋ ಸಾಧನವಾಗಿ ಬೆಳೆದಿದ್ದವು. ಕ್ವಿಲ್ಟ್ ಅಂದ್ರೆ ಉತ್ತರ ಕರ್ನಾಟಕದ ನಮ್ಮಜ್ಜಿ ಹೊಲೀತಿದ್ದ ಕೌದಿಯೇ, ತೇಪೆಗಳಿಂದಲೇ ಆದದ್ದು. ಕರ್ನಲ್ಲಿಗೆ ಗಡುವು ತಪ್ಪದ ಶಿಸ್ತು ತರುವ ಕೆಲಸವನ್ನ 2004ರ ಸುಮಾರಿಗೆ ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್ನರ್ ಮೊದಲಾದವರು ಕೈಗೆತ್ತಿಕೊಂಡರು, ಅಂಥ ಕೌದಿಯಾಗಿಯೇ ವರ್ಷಗಟ್ಟಲೆ ಹೊರಗಿಟ್ಟು ಸಾಕಿದರು. ಒಂದೊಂದೇ ತೇಪೆ ಬಿಚ್ಚಿ, ಸಣ್ಣ ಸರಣಿ ಮಾಡಿ, ವಾದ ಮಾಡಿ, ಒಳಗೆ ಸೇರಿಸುತ್ತಾ ಬಂದರು. 2006ರಲ್ಲಿ ಮ್ಯೂಟೆಕ್ಸ್, 2009ರಲ್ಲಿ ಥ್ರೆಡ್ ಆಗಿ ಓಡುವ ಇಂಟರಪ್ಟುಗಳು, ಕೊನೆಗೆ ವರ್ಷಗಟ್ಟಲೆ ಗೋಳು ಹೊಯ್ದುಕೊಂಡ ಪ್ರಿಂಟ್‌ಕೆ.

2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್ನರ್ ಕೊನೆಯ ಪುಲ್ ರಿಕ್ವೆಸ್ಟನ್ನ ಕಾಗದದ ಮೇಲೆ ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆ ಸುತ್ತಿ ಲಿನಸ್ ಕೈಗೇ ಕೊಟ್ಟರು. ಹೆಚ್ಚುಕಡಿಮೆ ಇಪ್ಪತ್ತು ವರ್ಷದ ಕೆಲಸ. ಆದರೆ ಆ ಹೊತ್ತಿಗೆ ಓದಲು ಉಳಿದಿದ್ದು ಮೂರು ಬಗೆಯ ಪ್ರೊಸೆಸರಿಗೆ ಅದನ್ನ ಆನ್ ಮಾಡಬಹುದು ಅನ್ನುವ ಕೆಲವೇ ಸಾಲು.